ಬಾಗಿಲ ಮೇಲಿನ ಹೆಸರು

ಅರಬ್ ನಾಡಿನ ಬರ್ಕಾ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ನಾವಿಬ್ಬರೂ ಈರುಳ್ಳಿ ಆರಿಸುತ್ತಿದ್ದಾಗ ಹಿಂದಿನಿಂದ ಯಾರೋ “ಏಲಿಯಮ್ಮ ಸಿಸ್ಟರ್” ಎಂದು ಕರೆದರು. ನನ್ನ ಪಕ್ಕದಲ್ಲಿದ್ದವರು ತಿರುಗಿದರು. ಕರೆದವನು ಒಬ್ಬ ಟ್ರೇಲರ್ ಡ್ರೈವರ್. ಹೇಗಿದ್ದೀರಿ ಎಂದು ಒಂದು ಮಾತು ಕೇಳದೆ ನೇರವಾಗಿ ತನ್ನ ಎದೆಯುರಿಯ ಪುರಾಣ ಬಿಚ್ಚಿದ. ಇವರು ಬುಟ್ಟಿಯನ್ನು ನೆಲಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಖಾಲಿ ಹೊಟ್ಟೆಗೆ ಚಹಾ ಸುರಿದುಕೊಳ್ಳುವುದನ್ನು ಮೊದಲು ಬಿಡು ಎಂದು ಹಿಂದಿಯಲ್ಲಿ ಗದರಿಸಿ, ಒಂದು ಮಾತ್ರೆಯ ಹೆಸರು ಹೇಳಿ ಕಳಿಸಿದರು. ಆಮೇಲೆ ಏನೂ ಆಗದವರಂತೆ ಮತ್ತೆ ಈರುಳ್ಳಿಗೆ ಕೈ ಹಾಕಿದರು.

ನಾನು ಅವರ ಫ್ಲ್ಯಾಟಿಗೆ ಬಂದು ಆಗಿನ್ನೂ ವಾರವಾಗಿರಲಿಲ್ಲ. ಆದರೂ ಅವರ ಹೆಸರು ಏಲಿಯಮ್ಮ ಅಲ್ಲವೆಂದು ಗೊತ್ತಿತ್ತು. ಕಾರ್ಕಳದ ಕಡೆಯ ತುಳು ಮಾತಾಡುವ ಹಿಂದೂ ಮನೆಯಲ್ಲಿ ಯಾರೂ ಏಲಿಯಮ್ಮ ಎಂದು ಹೆಸರಿಡುವುದಿಲ್ಲ.

“ಏಲಿಯಮ್ಮ ಯಾರಕ್ಕ?” ಎಂದೆ.

“ಹೈಮಾದಲ್ಲಿ ನಾನು ಏಲಿಯಮ್ಮ. ಫಹೂದಿನಲ್ಲಿ ಶೈನಿ. ಮರ್ಮೂಲಿನಲ್ಲಿ ಒಮ್ಮೆ ಜೋಸೆಫ್ ಸಹ ಆಗಿದ್ದೆ, ಅಲ್ಲಿದ್ದದ್ದು ಗಂಡಸು ನರ್ಸು” ಎಂದರು, ಮುಖದಲ್ಲಿ ನಗೆಯ ಗೆರೆಯೂ ಇಲ್ಲದೆ.

ಕ್ಲಿನಿಕ್ಕುಗಳನ್ನು ನಡೆಸುವ ನಮ್ಮ ಕಂಪನಿಯಲ್ಲಿ ಅವರು ರಿಲೀವರ್ ನರ್ಸ್ ಆಗಿದ್ದರು. ಮರುಭೂಮಿಯಲ್ಲಿ ಎಣ್ಣೆ ತೆಗೆಯುವಲ್ಲಿ, ರಸ್ತೆ ಹಾಕುವಲ್ಲಿ, ಬಂದರು ಕಟ್ಟುವಲ್ಲಿ ಕೆಲಸಗಾರರ ಕ್ಯಾಂಪುಗಳಿರುತ್ತವೆ. ಕ್ಯಾಂಪಿಗೊಂದು ಪುಟ್ಟ ಕ್ಲಿನಿಕ್, ಅದಕ್ಕೊಬ್ಬ ನರ್ಸ್. ಆ ನರ್ಸ್ ರಜೆಗೆ ಊರಿಗೆ ಹೋದಾಗ ಅವಳ ಜಾಗದಲ್ಲಿ ಹೋಗಿ ಕೂತು, ಅವಳು ಬಂದೊಡನೆ ಎದ್ದು ಬರುವುದು ರಿಲೀವರಿನ ಕೆಲಸ. ಕ್ಲಿನಿಕ್ಕಿನ ಬಾಗಿಲ ಮೇಲೆ ಕಾಯಂ ನರ್ಸಿನ ಹೆಸರಿನ ಬೋರ್ಡು ಇರುತ್ತದೆ. ಒಂದೆರಡು ತಿಂಗಳ ಮಟ್ಟಿಗೆ ಅದನ್ನು ಯಾರೂ ಬದಲಿಸುವುದಿಲ್ಲ. ಬರುವವರು ಬೋರ್ಡು ಓದಿ ಅದೇ ಹೆಸರಿನಿಂದ ಕರೆಯುತ್ತಾರೆ. ಇವರು ತಿದ್ದಲು ಹೋಗುತ್ತಿರಲಿಲ್ಲ. ಜ್ವರದಲ್ಲಿ ನಡುಗುತ್ತ ಬಂದವನಿಗೆ ನನ್ನ ಹೆಸರಿನ ಪಾಠ ಎಂತಕ್ಕೆ ಎನ್ನುತ್ತಿದ್ದರು.

ಅವರ ನಿಜವಾದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅದು ಒಂದು ಬಾಗಿಲ ಮೇಲಿದೆ. ಅಲ್ಲಿದ್ದರೆ ಸಾಕು.

ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಗಂಟು ಹಾಕುತ್ತಿದ್ದರು, ಹಣೆಯೇ ಹಿಗ್ಗಿದಂತೆ ಕಾಣುತ್ತಿತ್ತು. ಎತ್ತರದ ಆಳು. ಕುರ್ಚಿಯಲ್ಲಿ ಪೂರ್ತಿ ಕೂರದೆ ತುದಿಯಲ್ಲಿ ಕೂರುವ ಅಭ್ಯಾಸ. ಆರಾಮಾಗಿ ಕೂತ್ಕೊಳ್ಳಿ ಅಕ್ಕ ಎಂದರೆ, “ನಾವು ಕೂತ ಜಾಗ ಬಿಸಿ ಆಗ್ಬಾರ್ದು” ಎನ್ನುವರು. ಮದುವೆಯಾಗಿರಲಿಲ್ಲ. ಊರಿನಲ್ಲಿ ಅಣ್ಣನ ಸಂಸಾರ. ತಾಯಿ ಹಾಸಿಗೆ ಹಿಡಿದಿದ್ದಷ್ಟು ವರ್ಷವೂ ಇವರ ರಜೆ ಬೀಳುತ್ತಿದ್ದದ್ದು ಅತ್ತಿಗೆ ತವರಿಗೆ ಹೋಗುವ ಹೊತ್ತಿಗೆ ಸರಿಯಾಗಿ. ಅತ್ತಿಗೆ ವಾಪಸು ಬಂದ ಮರುದಿನ ಇವರ ವಿಮಾನ. ಊರಲ್ಲಿಯೂ ನಾನು ರಿಲೀವರೇ ಎಂದು ಒಮ್ಮೆ ಪಾತ್ರೆ ತೊಳೆಯುತ್ತ ಹೇಳಿದ್ದರು. ತಮಾಷೆಯೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ, ಪಾತ್ರೆ ತೊಳೆಯುವುದನ್ನೂ ನಿಲ್ಲಿಸಲಿಲ್ಲ.

ನಾನು ಮಂಡ್ಯದವಳು. ಬರ್ಕಾದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ನು, ಡ್ರೆಸ್ಸಿಂಗು, ಮಕ್ಕಳ ಲಸಿಕೆ ಇಷ್ಟೇ ಕೆಲಸ. ಕಿಟಕಿ ತೆರೆದರೆ ದಿನವೂ ಅದೇ ಪೆಟ್ರೋಲ್ ಬಂಕು. ನಾಲ್ಕು ಊರು ನೋಡುವ ಆಸೆಯಿಂದ ನನಗೂ ರಿಲೀವರ್ ಆಗಬೇಕೆನಿಸಿತು. ಅದನ್ನು ಅವರಿಗೆ ಹೇಳಿದೆ. ಬೇಡ ಎಂದು ಬುದ್ಧಿ ಹೇಳುವರೆಂದುಕೊಂಡಿದ್ದೆ. ಆದರೆ ಅವರಿಗೂ ಒಂದು ಗರಜಿತ್ತು. ದುಕ್ಮ್ ಬಂದರಿನ ಕ್ಯಾಂಪಿನ ನರ್ಸ್ ಕೆಲಸ ಬಿಟ್ಟು ಐರ್ಲೆಂಡಿಗೆ ಹೊರಟಿದ್ದಳು. ಆ ಜಾಗವನ್ನು ಕಾಯಂ ಆಗಿ ತನಗೆ ಕೊಡಿ ಎಂದು ಇವರು ಕೇಳಿದ್ದರು. ಹೋಗುವುದಾದರೆ ನಿಮ್ಮಂಥ ಒಬ್ಬ ರಿಲೀವರನ್ನು ತಯಾರು ಮಾಡಿ ಕೊಟ್ಟು ಹೋಗಿ ಎಂದಿದ್ದರು ಮ್ಯಾನೇಜರು.

“ನೀನು ಪಾಸಾದ್ರೆ ನಾನು ಪಾಸು. ಒಂದು ಬಾಗಿಲ ಮೇಲೆ ನನ್ನ ಹೆಸ್ರು ನೋಡ್ಬೇಕು ಮಾರಾಯ್ತಿ, ನಿವೃತ್ತಿಯ ಮೊದ್ಲು” ಎಂದರು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಮರುದಿನ ಬೆಳಗ್ಗೆ ಕಾಫಿಗೆ ಸಕ್ಕರೆ ಹಾಕಲು ಹೋದರೆ ಸಕ್ಕರೆಯ ಜಾಗದಲ್ಲಿ ಅಕ್ಕಿ ಹಿಟ್ಟು. ಉಪ್ಪು ಫ್ರಿಜ್ಜಿನ ಮೇಲೆ. ಚಾಕು ಎಲ್ಲಿಯೂ ಇಲ್ಲ. ರಾತ್ರಿ ನಾನು ಮಲಗಿದ ಮೇಲೆ ಇಡೀ ಅಡುಗೆಮನೆಯನ್ನು ಅದಲುಬದಲು ಮಾಡಿದ್ದರು. ಇದು ಒಂದು ದಿನದ ಆಟವಲ್ಲ. ನಾನು ಹೊಸ ಜಾಗಗಳಿಗೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಬದಲಿಸುವರು. ಒಂದು ಬೆಳಗ್ಗೆ ಡ್ಯೂಟಿಗೆ ತಡವಾಗಿ, ಸಾಸಿವೆ ಸಿಗದೆ, ಎಣ್ಣೆ ಹೊಗೆಯಾಡುತ್ತಿದ್ದಾಗ ನನಗೆ ತಲೆಯೇ ಕೆಟ್ಟಿತು.

“ಏನಕ್ಕ ಇದು, ದಿನಾ ಹಿಂಗ್ ಮಾಡಿದ್ರೆ ಮನುಷ್ಯರು ಅಡುಗೆ ಮಾಡೋದ್ ಹೆಂಗೆ?”

“ಸಾಸಿವೆ ಸಿಗದಿದ್ರೆ ಒಗ್ಗರಣೆ ಹೋಗ್ತದೆ, ಅಷ್ಟೇ. ಕ್ಯಾಂಪಿನಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಸಿಗದಿದ್ರೆ ಎಂತ ಹೋಗ್ತದೆ ಹೇಳು” ಎಂದರು, ಬಾಗಿಲಿಗೆ ಒರಗಿ ನಿಂತು.

ಬೇರೆಯವರು ಜೋಡಿಸಿಟ್ಟ ಕೋಣೆಯಲ್ಲಿ ಮೊದಲ ಗಂಟೆಯಲ್ಲೇ ಎಲ್ಲವೂ ಕೈಗೆ ಸಿಗಬೇಕು, ಅದಕ್ಕೆ ಈ ಪಾಠ. ಸಿಗಲೆಂದು ಅದನ್ನು ನಮಗೆ ಬೇಕಾದಲ್ಲಿಗೆ ಸರಿಸುವಂತಿಲ್ಲ. ಇದು ಅವರ ಕಟ್ಟುನಿಟ್ಟಿನ ನೇಮ. ಹತ್ತಿಯ ಡಬ್ಬಿ ಎಡಗಡೆಯಿದ್ದರೆ ಎಡಗಡೆಯೇ ಇರಬೇಕು, ಕ್ಯಾಲೆಂಡರು ಸೊಟ್ಟಗಿದ್ದರೆ ಸೊಟ್ಟಗೇ. ಹೋದವಳು ತಿರುಗಿ ಬಂದು ಬಾಗಿಲು ತೆಗೆದಾಗ, ತಾನು ನಿನ್ನೆಯಷ್ಟೇ ಎದ್ದು ಹೋದೆ ಅನ್ನಿಸಬೇಕು. ಹೊಸ ಕ್ಯಾಂಪಿಗೆ ಹೋದರೆ ಮೊದಲು ಅಲ್ಲಿ ಕಸ ಗುಡಿಸುವವನನ್ನು, ನಿಮ್ಮ ಸಿಸ್ಟರು ಎಷ್ಟು ಹೊತ್ತಿಗೆ ಚಹಾ ಕುಡಿಯುತ್ತಿದ್ದರು ಎಂದು ಕೇಳಬೇಕು. ಅದೇ ಹೊತ್ತಿಗೆ ಕುಡಿಯಬೇಕು. ಯಾವಾಗ ಬಾಗಿಲು ತಟ್ಟಬಹುದೆಂದು ಆ ಜನಕ್ಕೆ ಅಭ್ಯಾಸವಾಗಿರುತ್ತದೆ. ಇನ್ನು, ಹಳೆಯ ಸಿಸ್ಟರ್ ಎಲ್ಲಿ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ಬರ್ತಾರೆ. ರಜೆ ಉದ್ದವಾದರೂ, ಅವಳು ಕೆಲಸ ಬಿಟ್ಟಿದ್ದರೂ, ನಮಗೆ ಕಂಪನಿಯ ಕಾಗದ ಬರುವ ತನಕ ಬರ್ತಾರೆ ಎಂದೇ ಹೇಳಬೇಕು. ಮನೆಯಿಂದ ದೂರ ಬಂದವರಿಗೆ, ಹೋದವರೆಲ್ಲ ಬರುವುದಿಲ್ಲ ಎಂದು ನೆನಪಿಸುವ ಕೆಲಸ ನಮ್ಮದಲ್ಲ ಎನ್ನುತ್ತಿದ್ದರು.

ಶುಕ್ರವಾರ ರಜೆಯ ದಿನ ಪ್ರಾಕ್ಟಿಕಲ್ಲು. ಒಮ್ಮೆ ಎ.ಸಿ. ಆರಿಸಿ, ಹಾಲಿನ ನೆಲದ ಮೇಲೆ ಅಂಗಾತ ಮಲಗಿ, ತಾನೀಗ ಬಿಸಿಲಿಗೆ ಬಿದ್ದ ದಪ್ಪ ವೆಲ್ಡರ್ ಎಂದು ಘೋಷಿಸಿದರು. ಮೊದಲು ಮೈ ತಣ್ಣಗೆ ಮಾಡು, ಆಮೇಲೆ ಫೋನು, ಆಮೇಲೆ ಆಂಬುಲೆನ್ಸು. ಈ ಕ್ರಮ ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಮಲಗಿಕೊಂಡೇ ಪಾಠ ಹೇಳಿದರು. ನಾನು ಅವರನ್ನು ಎಳೆದು, ಬಿಳಿ ಬೆಡ್‌ಶೀಟು ಒದ್ದೆ ಮಾಡಿ ಹೊದಿಸಿ, ಕಂಕುಳಿಗೆ ಐಸು ಇಟ್ಟು, ರಟ್ಟಿನ ತುಂಡಿನಿಂದ ಬೀಸತೊಡಗಿದೆ. ಗದ್ದಲ ಕೇಳಿ ಮೇಲಿನ ಮನೆಯ ಮೈಸೂರಿನ ಹೆಂಗಸು ಇಳಿದು ಬಂದು ಬಾಗಿಲು ತಳ್ಳಿದಳು. ನೆಲದ ಮೇಲೆ ಬಿಳಿ ಬಟ್ಟೆ ಹೊದ್ದ ಆಕೃತಿ, ಪಕ್ಕದಲ್ಲಿ ಕೆದರಿದ ಕೂದಲಿನ ನಾನು. ಅವಳು ಅಳಲು ಬಾಯಿ ತೆರೆಯುವಷ್ಟರಲ್ಲಿ ಬಟ್ಟೆಯ ಒಳಗಿನಿಂದ “ಸತ್ತಿಲ್ಲಮ್ಮ, ಟ್ರೈನಿಂಗ್ ನಡೀತಾ ಉಂಟು” ಎಂದು ದನಿ ಬಂತು. ಆ ದಿನ ನಾವಿಬ್ಬರೂ ನಕ್ಕಷ್ಟು ಮತ್ತೆಂದೂ ನಗಲಿಲ್ಲ. ಈಗ ನೆನೆದರೆ ಆ ಒದ್ದೆ ಬಟ್ಟೆಯೇ ಕಣ್ಣಿಗೆ ಕಟ್ಟುತ್ತದೆ, ನಗು ಬರುವುದಿಲ್ಲ.

ಪ್ರಯಾಣದ ಸಾಮಾನು ಕೊಳ್ಳಲು ಮತ್ರಾದ ಪೇಟೆಗೆ ಕರೆದುಕೊಂಡು ಹೋದರು. ಮರಳುಗಾಳಿಗೆ ಮುಖ ಮುಚ್ಚಲು ಹತ್ತಿಯ ಬಟ್ಟೆ, ಒಂದು ಟಾರ್ಚು, ಪೆಟ್ಟಿಗೆಗೆ ಬೀಗ. ಧೂಪದ ಹೊಗೆ ತುಂಬಿದ ಆ ಓಣಿಗಳಲ್ಲಿ ಉಳಿದವರೆಲ್ಲ ಚಿನ್ನ, ಶಾಲು ಎಂದು ನಿಲ್ಲುತ್ತಿದ್ದರೆ ಇವರು ನಿಂತದ್ದು ಬೋರ್ಡು, ರಬ್ಬರ್ ಸ್ಟಾಂಪು ಮಾಡುವ ಒಂದು ಇಕ್ಕಟ್ಟಿನ ಅಂಗಡಿಯ ಮುಂದೆ. ಬಾಗಿಲಿನ ಬೋರ್ಡನ್ನು ಕಂಪನಿಯೇ ಮಾಡಿಸಿಕೊಡುತ್ತದೆ, ನೋಡಲು ದುಡ್ಡು ಕೊಡಬೇಕೇ ಎಂದು ನನ್ನನ್ನೂ ಒಳಗೆಳೆದರು. ತನ್ನ ಹೆಸರು ಅರಬ್ಬಿಯಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿದರು. ಅಂಗಡಿಯ ಮುದುಕ, ಗುಜರಾತಿ, ತಲೆತಲಾಂತರದಿಂದ ಅಲ್ಲಿರುವ ಮನೆತನದವನು, ಒಂದು ಚೀಟಿಯ ಮೇಲೆ ಬರೆದು ಕೊಟ್ಟ. ಇವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಯಾವ ಕಡೆ ಮೇಲೆ ಎಂದು ಕೇಳಿದರು.

ಆಮೇಲೆ ಕಡಲ ದಂಡೆಯ ಕಟ್ಟೆಯ ಮೇಲೆ ಕೂತಾಗ ಅವರಾಗಿಯೇ ಮಾತು ತೆಗೆದರು. ಶೈನಿಗೆ ಅವಳ ಕ್ಯಾಂಪಿನವರು ಹುಟ್ಟುಹಬ್ಬಕ್ಕೆ ಕೇಕು ತಂದುಕೊಟ್ಟಿದ್ದರಂತೆ. ಅವಳು ರಜೆಯಲ್ಲಿದ್ದ ಕಾರಣ ಅದನ್ನು ಇವರೇ ಕತ್ತರಿಸಿ ಹಂಚಿದ್ದರು.

“ಕೇಕ್ ತಿಂದದ್ದು ನಾನು, ಹುಟ್ಟಿದ್ದು ಅವಳು. ಹಾಗೆ ನೋಡಿದ್ರೆ ಕಾಯಿಲೆ ಇಲ್ಲದೆ, ನನ್ನನ್ನು ನೋಡ್ಲಿಕ್ಕೆ ಅಂತ್ಲೇ, ಇಷ್ಟು ವರ್ಷದಲ್ಲಿ ಒಬ್ಬ ಬಂದದ್ದಿಲ್ಲ. ನೋವಾದ್ರೆ ಬರ್ತಾರೆ. ಗುಣ ಆದ್ಮೇಲೆ ಯಾಕೆ ಬರ್ತಾರೆ, ಅಲ್ವಾ?”

ಐಸ್‌ಕ್ರೀಮ್ ತಿನ್ನೋಣ ಅಕ್ಕ ಎಂದೆ.

ನಾನು ಪಾಸಾದೆ. ಅಂದರೆ, ಅವರು ಮ್ಯಾನೇಜರಿಗೆ ಫೋನು ಮಾಡಿ ಹುಡುಗಿ ರೆಡಿ ಎಂದರು. ಅವರು ದುಕ್ಮ್‌ಗೆ ಹೊರಟ ಬೆಳಗ್ಗೆ ಅಡುಗೆಮನೆಯ ಎಲ್ಲ ಡಬ್ಬಿಗಳೂ ನಾನು ಬಂದ ದಿನ ಇದ್ದ ಜಾಗಗಳಲ್ಲೇ ಇದ್ದವು. ಮರುವಾರ ನಾನು ಫಹೂದಿಗೆ ಹೋಗಿ ಶೈನಿಯಾದೆ.

ಊರು ನೋಡುವ ಆಸೆ ಎಂದೆನಲ್ಲ, ನೋಡಿದ್ದು ಬಸ್ಸಿನ ಕಿಟಕಿಯಿಂದ ಮರಳು, ಆಮೇಲೆ ಕ್ಲಿನಿಕ್ಕಿನ ಕಿಟಕಿಯಿಂದ ಅದೇ ಮರಳು. ದಿನವಿಡೀ ಜನ ಬಂದು ಹೋಗುತ್ತಿದ್ದರು. ಶೈನಿ ಸಿಸ್ಟರ್ ತಲೆನೋವು, ಶೈನಿ ಸಿಸ್ಟರ್ ಕಣ್ಣಲ್ಲಿ ಕಸ. ಸಂಜೆ ಅಮ್ಮ ಮಂಡ್ಯದಿಂದ ಫೋನು ಮಾಡಿ ನನ್ನ ಹೆಸರು ಹಿಡಿದು ಕರೆದರೆ, ಒಂದು ಕ್ಷಣ ಬೇರೆ ಯಾರನ್ನೋ ಕರೆದ ಹಾಗಾಗುತ್ತಿತ್ತು. ಒಂದು ದಿನ ತಡೆಯಲಾರದೆ ದುಕ್ಮ್‌ಗೆ ಫೋನು ಮಾಡಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ.

“ಅಭ್ಯಾಸ ಆಗ್ತದೆ. ಆಗ್ಬಾರ್ದು, ಆದ್ರೆ ಆಗ್ತದೆ” ಎಂದರು.

ಅವರ ಬೋರ್ಡು ಬಂದ ದಿನ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಬಿಳಿ ಬಾಗಿಲು, ಅದರ ಮೇಲೆ ಇಂಗ್ಲಿಷಿನಲ್ಲಿಯೂ ಅರಬ್ಬಿಯಲ್ಲಿಯೂ ಅವರ ಹೆಸರು. ಫೋಟೊದ ಜೊತೆ ಒಂದಕ್ಷರವೂ ಇರಲಿಲ್ಲ. ಆ ಬೇಸಿಗೆಯಲ್ಲಿ ಅವರು ಸಂತೋಷದಿಂದ ಮಾತಾಡಿದ್ದು ಒಂದೇ ಸಲ. ಬಿಹಾರದ ಒಬ್ಬ ಕ್ರೇನ್ ಆಪರೇಟರ್ ಬಿಸಿಲಿಗೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಆಂಬುಲೆನ್ಸು ದೂರದಿಂದ ಬರುವ ತನಕ ಇವರು ಒದ್ದೆ ಬೆಡ್‌ಶೀಟು ಹೊದಿಸಿ ಬೀಸಿ ಉಳಿಸಿಕೊಂಡಿದ್ದರು. ನೀನು ನನಗೆ ಬೀಸಿದ ಹಾಗೆಯೇ ಬೀಸಿದೆ ಎಂದು ಎರಡೆರಡು ಸಲ ಹೇಳಿದರು.

ಅಣ್ಣನ ಮಗಳ ಮದುವೆಗೆಂದು ಅವರು ರಜೆ ಹಾಕಿದಾಗ ಅವರ ಜಾಗಕ್ಕೆ ರಿಲೀವರ್ ಆಗಿ ಹೋದವಳು ನಾನೇ. ಕಂಪನಿ ಬಸ್ಸು ಆ ಬೋಳು ಬಯಲಿನಲ್ಲಿ ದಿನವಿಡೀ ಓಡಿ, ಸಮುದ್ರದ ಗಾಳಿ ಬೀಸುವ ಕ್ಯಾಂಪಿನ ಮುಂದೆ ನಿಂತಾಗ ಅವರು ಹೊರಗೇ ಕಾಯುತ್ತಿದ್ದರು. ಬಾಗಿಲ ಮುಂದೆ ನನ್ನನ್ನು ಒಂದು ಕ್ಷಣ ನಿಲ್ಲಿಸಿದರು. ನಾನು ಬೋರ್ಡು ಓದಿದ ಮೇಲೆಯೇ ಒಳಗೆ ಬಿಟ್ಟದ್ದು.

ಒಳಗೆ ನೋಡಿದರೆ ನನಗೆ ಆಶ್ಚರ್ಯ. ಯಾವ ಕ್ಲಿನಿಕ್ಕಿನಲ್ಲಿಯೂ ಒಂದು ಡಬ್ಬಿ ಸರಿಸದವರು ಮೇಜನ್ನು ಗೋಡೆಯ ಬದಿಯಿಂದ ಎಳೆದು ಕಿಟಕಿಯ ಎದುರಿಗೆ ಹಾಕಿಕೊಂಡಿದ್ದರು. ಅಲ್ಲಿ ಕೂತರೆ ಕ್ಯಾಂಪಿನ ರೂಮುಗಳಿಂದ ಕ್ಲಿನಿಕ್ಕಿಗೆ ಬರುವ ದಾರಿ ಪೂರ್ತಿ ಕಾಣುತ್ತದೆ. ಬರುವವನ ನಡಿಗೆ ನೋಡಿದರೆ ಅರ್ಧ ಕಾಯಿಲೆ ಅಲ್ಲಿಯೇ ಗೊತ್ತಾಗುತ್ತದೆಂದು ನನ್ನನ್ನು ಕೂರಿಸಿ ತೋರಿಸಿದರು. ಒಬ್ಬನ ಮಂಡಿ, ಒಬ್ಬನ ಹೊಟ್ಟೆ ಎಂದು ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅವರು ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತದ್ದನ್ನು ನಾನು ನೋಡಿದ್ದೂ ಅಂದೇ.

ಹೊರಡುವಾಗ ಬಸ್ಸಿನ ಮೆಟ್ಟಿಲಲ್ಲಿ ನಿಂತು ಪರೀಕ್ಷೆ ಮಾಡಿದರು. “ಯಾರಾದ್ರೂ ನನ್ನನ್ನು ಕೇಳಿದ್ರೆ ಎಂತ ಹೇಳ್ತಿ?”

“ಬರ್ತಾರೆ ಅಂತೀನಿ.”

“ಹಾಂ. ನನ್ನ ಬಗ್ಗೆ ಹಾಗೆ ಹೇಳುವವರು ಇಷ್ಟರವರೆಗೆ ಯಾರೂ ಇರ್ಲಿಲ್ಲ ನೋಡು” ಎಂದು ನಕ್ಕು ಹತ್ತಿದರು.

ಮದುವೆ ಮುಗಿಸಿದರು. ಮದುವೆಮನೆಯಲ್ಲಿ ಅತಿಥಿಗಳ ಹಾಗೆ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತ ಫೋಟೊ ಕಳಿಸಿದ್ದರು. ನಂತರ ಒಂದು ಬೆಳಗ್ಗೆ ಅಣ್ಣನ ಮಗ ಇಂಗ್ಲಿಷಿನಲ್ಲಿ ಮೆಸೇಜು ಮಾಡಿದ. ಎದೆನೋವು ಬಂತು, ಮಂಗಳೂರಿಗೆ ಒಯ್ಯುವ ದಾರಿಯಲ್ಲೇ ಹೋದರು, ಕ್ರಿಯೆಗಳೆಲ್ಲ ಮುಗಿದವು. ನಾನು ಬಾಗಿಲಿನ ಚಿಲಕ ಹಾಕಿಕೊಂಡು ಅತ್ತೆ. ಚಹಾದ ಹೊತ್ತು ಮುಗಿಯುತ್ತಲೇ ಯಾರೋ ಬಾಗಿಲು ತಟ್ಟಿ ಅವರ ಹೆಸರು ಹಿಡಿದು ಕರೆದರು. ಮುಖ ತೊಳೆದು ಬಾಗಿಲು ತೆಗೆದೆ. ಬೆರಳು ಕೊಯ್ದುಕೊಂಡವನೊಬ್ಬ ನಿಂತಿದ್ದ.

ಆ ದಿನಗಳು ಹೇಗೆ ಕಳೆದವೆಂದು ಹೇಳುವುದು ಕಷ್ಟ. ಕ್ಯಾಂಪುಗಳಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಹೊಸಬರು ಬೋರ್ಡು ಓದುತ್ತಿದ್ದರು, ಹಳಬರಿಗೆ ಅಭ್ಯಾಸದ ಬಲ. ತೀರಿಹೋದವರ ಹೆಸರಿಗೆ ದಿನವೂ ಹತ್ತಾರು ಸಲ ಓಗೊಡುತ್ತಿದ್ದೆ. ಅವರಿಗಾಗಿ ಅಳುವವರು ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ, ಅವರ ಬಗ್ಗೆ ಕನ್ನಡದಲ್ಲಿ ಎರಡು ಮಾತಾಡಲೂ ಯಾರಿರಲಿಲ್ಲ. ಮ್ಯಾನೇಜರು ಫೋನು ಮಾಡಿ, ಈ ಜಾಗ ನಿನಗೇ ಕಾಯಂ ಮಾಡುತ್ತೇನೆ, ನಿನ್ನ ಹೆಸರಿನ ಬೋರ್ಡು ಕಳಿಸಲೇ ಎಂದರು. ಬೇಡ, ಅವರ ರಜೆ ಮುಗಿಯುವ ತನಕ ನಾನು ರಿಲೀವರೇ, ಬೋರ್ಡು ಹಾಗೇ ಇರಲಿ ಎಂದೆ. ಸತ್ತವರಿಗೆ ಎಂಥ ರಜೆ, ಖಲಾಸ್ ಆಯಿತಲ್ಲ ಎಂದರು ಮ್ಯಾನೇಜರು. ನಾನು ಮತ್ತೆ ಅದನ್ನೇ ಹೇಳಿದೆ. ಅವರಿಗೆ ಬೇರೆ ಕೆಲಸವಿತ್ತು, ಒಪ್ಪಿಕೊಂಡರು.

ರಜೆ ಮುಗಿಯುವ ಮುಂಚಿನ ಒಂದು ಸಂಜೆ. ಶಿಫ್ಟು ಬಿಟ್ಟು ಬಸ್ಸುಗಳು ಬಂದು ನಿಂತಿದ್ದವು. ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬ ಕ್ಲಿನಿಕ್ಕಿನ ಕಡೆಗೆ ಬರುತ್ತಿದ್ದ. ಅಕ್ಕ ಕಲಿಸಿದಂತೆ ಅವನ ನಡಿಗೆಯಲ್ಲಿ ಕಾಯಿಲೆ ಹುಡುಕಿದೆ. ಕುಂಟುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡಿರಲಿಲ್ಲ, ಕಣ್ಣು ಉಜ್ಜಿಕೊಳ್ಳುತ್ತಿರಲಿಲ್ಲ. ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಸಲೀಸಾಗಿ ನಡೆದು ಬರುತ್ತಿದ್ದ. ಬಾಗಿಲು ತೆರೆದವನು ನನ್ನನ್ನು ಕಂಡು ಅಲ್ಲಿಯೇ ನಿಂತ.

“ಕ್ಯಾ ಹುವಾ?” ಎಂದೆ, ಎಲ್ಲರನ್ನೂ ಕೇಳುವ ಹಾಗೆ.

“ಕುಛ್ ನಹೀ ಹುವಾ. ಸಿಸ್ಟರ್ ಸೇ ಮಿಲ್ನೇ ಆಯಾ.”

ಏನೂ ಆಗಿಲ್ಲ, ಸಿಸ್ಟರನ್ನು ನೋಡಲು ಬಂದೆ. ಇಷ್ಟು ಹೇಳಿ ನನ್ನ ಹಿಂದೆ, ಒಳಕೋಣೆಯ ಕಡೆ ಇಣುಕಿದ. ಬೇಸಿಗೆಯಲ್ಲಿ ಬಿದ್ದಿದ್ದ ಕ್ರೇನ್ ಆಪರೇಟರ್ ಅವನು. ಆಸ್ಪತ್ರೆಯಿಂದ ನೇರ ಊರಿಗೆ ಹೋಗಿ, ಸುಧಾರಿಸಿಕೊಂಡು, ಹಿಂದಿನ ದಿನವಷ್ಟೇ ಬಿಹಾರದಿಂದ ವಾಪಸಾಗಿದ್ದ. ಚೀಲದಲ್ಲಿ ಅವರ ಕಡೆ ಹಬ್ಬಕ್ಕೆ ಮಾಡುವ ಬೆಲ್ಲದ ಗಟ್ಟಿ ಬಿಲ್ಲೆಗಳಿದ್ದವು. ಅಮ್ಮ ಸಿಸ್ಟರಿಗೆಂದೇ ಮಾಡಿ ಕೊಟ್ಟಿದ್ದಾಳೆ, ಸಿಸ್ಟರಿಗೇ ಕೊಡಬೇಕೆಂದು ಹೇಳಿದ್ದಾಳೆ ಎಂದ. ಅಕ್ಕನ ಹೆಸರನ್ನು ಸರಿಯಾಗಿ, ನಮ್ಮ ಊರಿನವರು ಹೇಳುವ ಹಾಗೆಯೇ ಹೇಳಿದ.

ಬರ್ತಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಲಿಸಿದ್ದೂ ಅದನ್ನೇ, ಮಾತು ಕೊಟ್ಟಿದ್ದೂ ಅದನ್ನೇ. ಆದರೆ ಅದನ್ನು ಕಲಿಸಿದ್ದು ನರ್ಸನ್ನು ಕೇಳಿಕೊಂಡು ಬರುವವರಿಗಾಗಿ. ಅಕ್ಕನನ್ನೇ ಕೇಳಿಕೊಂಡು ಬಂದವನಿಗೆ ಏನು ಹೇಳಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ. ಅಂಥವನೊಬ್ಬ ಬಂದಾನೆಂದು ಅವರಿಗೇ ಗೊತ್ತಿರಲಿಲ್ಲ.

ಇದ್ದದ್ದನ್ನು ಹೇಳಿದೆ. ಅವನು ರೋಗಿಗಳ ಕುರ್ಚಿಯ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಬಿ.ಪಿ. ನೋಡಲೇ ಎಂದೆ. ಬೇಡವೆಂದು ತಲೆಯಾಡಿಸಿದ. ಬಹಳ ದಿನಗಳ ಮೇಲೆ, ಆ ಕೋಣೆಯಲ್ಲಿ ನಾನು ಒಬ್ಬಳೇ ಅಲ್ಲ ಅನ್ನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದು ಚೀಲವನ್ನು ಅಕ್ಕನ ಮೇಜಿನ ಮೇಲಿಟ್ಟ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡವನು ಅಲ್ಲಿಯೇ ನಿಂತು ಬೋರ್ಡನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ್ದು ನನಗೆ ಒಳಗೆ ಕೇಳಿಸಿತು. ಅವನು ಕರೆದದ್ದು ನನ್ನನ್ನಲ್ಲವಾದ್ದರಿಂದ ನಾನು ಓಗೊಡಲಿಲ್ಲ.